ನಾಲ್ಕು ಬಿಸ್ಕತ್ತಿನ ಬಾಗಿಲು

"ಹಾಗೇ ಮಲ್ಕೊಳ್ಳಿ," ಎಂದ ಪೆನ್ನು ಹಿಡಿದವನು.

ಪಕ್ಕದ ಮಂಚದ ಕಂಡಕ್ಟರಮ್ಮ ಮಲಗಿದಳು. ಎರಡು ಮಂಚಗಳ ನಡುವಿನ ಹಸಿರು ಪರದೆ ಎರಡು ಬೆರಳಿನಷ್ಟು ಸರಿದಿತ್ತು. ಆ ಸಂದಿಯಲ್ಲಿ ಎಣಿಕೆಯಕ್ಕನ ಒಂದು ಕಣ್ಣಿತ್ತು.

ನೇರಳೆ ಬಣ್ಣದ ಪೆನ್ನು. ಮೊದಲು ಹೊಕ್ಕುಳಿನ ಸುತ್ತ ಒಂದು ಉಂಗುರ, ಅದರಾಚೆಗೆ ಇನ್ನೊಂದು, ಸೊಂಟದ ಎರಡು ಪಕ್ಕಕ್ಕೆ ಎರಡು. ಗೆರೆಗಳು ಕೈವಾರ ಹಿಡಿದು ಎಳೆದಷ್ಟು ಅಚ್ಚುಕಟ್ಟಾಗಿ ಬಂದವು. ಕಂಡಕ್ಟರಮ್ಮ ಕಚಗುಳಿ ತಾಳಲಾರದೆ ಕಿಸಕ್ಕನೆ ನಕ್ಕಳು.

ಆ ಗೆರೆಗಳನ್ನು ಎಣಿಕೆಯಕ್ಕ ಮೊದಲೇ ನೋಡಿದ್ದಳು. ಎಂಟು ವಾರದ ಹಿಂದೆ ಹೊಟ್ಟೆಯ ಕೊಬ್ಬು ತೆಗೆಸಿಕೊಳ್ಳಲು ಇದೇ ಆಸ್ಪತ್ರೆಗೆ ನಡೆದುಕೊಂಡು ಬಂದು, ಹೆಣವಾಗಿ ಹೊರಗೆ ಹೋದ ಒಬ್ಬ ಹೆಣ್ಣುಮಗಳ ಮೈಮೇಲೆ. ಹೃದಯ ತಾನಾಗಿ ನಿಂತಿತು ಎಂದು ಆಸ್ಪತ್ರೆ ಬರೆದುಕೊಟ್ಟಿತ್ತು. ಸತ್ತವಳ ಅಕ್ಕ, ಶಾಲೆಯ ಟೀಚರು, ಹೊದಿಕೆ ಸರಿಸಿ ತೆಗೆದ ಒಂದು ಫೋಟೋವನ್ನು ತಂದು ಎಣಿಕೆಯಕ್ಕನ ಮೇಜಿನ ಮೇಲಿಟ್ಟು, ನನ್ನ ತಂಗಿ ಯಾಕೆ ಸತ್ತಳು ಅಂತ ಮಾತ್ರ ಹೇಳಿ, ಬೇರೇನೂ ಬೇಡ ಎಂದು ಕೇಳಿಕೊಂಡಿದ್ದಳು.

ಆ ಫೋಟೋದಲ್ಲಿ ಪೊಲೀಸರಿಗೆ ಗೆರೆಗಳು ಕಂಡಿದ್ದವು. ಎಣಿಕೆಯಕ್ಕನಿಗೆ ತಪ್ಪು ಕಂಡಿತ್ತು. ಪತ್ತೇದಾರಿಕೆಗೆ ಇಳಿಯುವ ಮೊದಲು ಇಪ್ಪತ್ತೆರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದವಳು ಅವಳು. ಹೊಟ್ಟೆಯೊಳಗೆ ಹೋದ ಬಟ್ಟೆಯ ತುಂಡೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಎಣಿಸಿ ಎಣಿಸಿಯೇ ಈ ಹೆಸರು ಅಂಟಿಕೊಂಡಿತ್ತು. ಹೆತ್ತವರು ಇಟ್ಟ ಹೆಸರನ್ನು ಈಗ ಅವಳ ಗಂಡನೂ ಕರೆಯುವುದಿಲ್ಲ.

ಕೊಬ್ಬು ತೆಗೆಯುವ ಡಾಕ್ಟರು ಯಾರೇ ಇರಲಿ, ಗೆರೆ ಎಳೆಯುವುದು ರೋಗಿಯನ್ನು ನಿಲ್ಲಿಸಿಕೊಂಡು. ನಿಂತಾಗ ಎಲ್ಲಿ ಜೋಲುತ್ತದೆ, ಎಲ್ಲಿ ಉಬ್ಬುತ್ತದೆ ಎಂದು ನೋಡಿ ಗುರುತು ಹಾಕಬೇಕು. ಮಲಗಿದರೆ ಎಲ್ಲಾ ನಾದಿದ ಹಿಟ್ಟಿನ ಹಾಗೆ ಹರಡಿಕೊಂಡು, ಯಾವುದು ಎಲ್ಲಿತ್ತು ಎಂಬುದೇ ತಿಳಿಯುವುದಿಲ್ಲ. ನಿಲ್ಲಿಸಿ ಎಳೆದ ಗೆರೆ ರೋಗಿ ಮಲಗಿದಾಗ ಸೊಟ್ಟಗೆ ಕಾಣಲೇಬೇಕು. ಸತ್ತು ಮಲಗಿದ್ದವಳ ಮೈಮೇಲಿನ ಗೆರೆಗಳು ಸೊಟ್ಟಗಿರಲಿಲ್ಲ. ಅಷ್ಟು ಚೆನ್ನಾಗಿದ್ದದ್ದೇ ಅವುಗಳ ತಪ್ಪು.

ಅಂದರೆ ಎಳೆದವನು ಈ ಕೆಲಸ ಕಲಿತವನಲ್ಲ. ಆ ಕೈ ಯಾರದೆಂದು ಕಣ್ಣಾರೆ ನೋಡಲೆಂದೇ ಎಣಿಕೆಯಕ್ಕ ರೋಗಿಯಾಗಿ ಬಂದು ಈ ಮಂಚ ಹಿಡಿದಿದ್ದಳು. ನೆಪಕ್ಕೆ ಹುಡುಕಾಡಬೇಕಾಗಿರಲಿಲ್ಲ. ಐವತ್ತಮೂರು ವರ್ಷದ ಜೋಲುವ ಕತ್ತು ತಾನೇ ನೆಪ ಒದಗಿಸಿತ್ತು.

ಈಗ ನೋಡಿದ್ದಾಯಿತು. ಮಾಸ್ಕಿನ ಮೇಲೆ ಕೂಡಿಕೊಂಡ ಹುಬ್ಬು, ಎಡಗಿವಿಯ ಹಿಂದೆ ಮಚ್ಚೆ. ಆಸ್ಪತ್ರೆಯ ಒಡೆಯರಾದ ದೊಡ್ಡ ಡಾಕ್ಟರ ಅಳಿಯ. ಎರಡು ಬೀದಿ ಆಚೆ ಇವನ ಹಳೆಯ ಬೋರ್ಡನ್ನು ಅವಳು ಹೋದ ವಾರವಷ್ಟೇ ಹುಡುಕಿ ತೆಗೆದಿದ್ದಳು. ಇವನು ಹಲ್ಲಿನ ಡಾಕ್ಟರು. ಹಲ್ಲು ಕೀಳುವವನ ಕೈಗೆ ಊರವರ ಹೊಟ್ಟೆ ಸಿಕ್ಕಿತ್ತು.

ಅಳಿಯ ಪೆನ್ನಿನ ಮುಚ್ಚಳ ಹಾಕಿ, ಹನ್ನೊಂದಕ್ಕೆ ಶುರು ಮಾಡೋಣ ಎಂದು ಕಂಡಕ್ಟರಮ್ಮನಿಗೆ ಹೇಳಿ, ಥಿಯೇಟರಿನ ಬಾಗಿಲ ಹಿಂದೆ ಮರೆಯಾದ. ಗೋಡೆಯ ಗಡಿಯಾರ ಹತ್ತೂ ಹತ್ತು ತೋರಿಸುತ್ತಿತ್ತು.

ತಿಳಿದುಕೊಳ್ಳುವುದು ಸುಲಭವಾಗಿತ್ತು. ತಿಳಿದದ್ದನ್ನು ಹೊತ್ತು ಹೊರಗೆ ಹೋಗುವುದು ಹೇಗೆ?

ಕೋಣೆಗೆ ಎರಡು ಬಾಗಿಲು. ಒಂದು ಹೊರಗಿನ ಹಜಾರಕ್ಕೆ, ಇನ್ನೊಂದು ಥಿಯೇಟರಿಗೆ. ಎರಡರ ಮೇಲೂ ಒಂದೊಂದು ಕೆಂಪು ದೀಪ. ಸಿಬ್ಬಂದಿಯ ಕಾರ್ಡು ತೋರಿಸಿದರೆ ಹಸಿರಾಗುತ್ತದೆ, ಇಲ್ಲದಿದ್ದರೆ ಗೋಡೆಗೂ ಬಾಗಿಲಿಗೂ ವ್ಯತ್ಯಾಸವಿಲ್ಲ. ಕಿಟಕಿಯ ಗಾಜು ತೆರೆಯುವಂಥದ್ದಲ್ಲ. ಎರಡು ಮಹಡಿ ಕೆಳಗೆ ಬೀದಿಯಲ್ಲಿ ಜನ ತಮ್ಮ ಪಾಡಿಗೆ ಓಡಾಡುತ್ತಿದ್ದರು. ಒಬ್ಬ ಹೂಕುಂಡಗಳನ್ನು ಗಾಡಿಯಿಂದ ಇಳಿಸುತ್ತಿದ್ದ. ಅವನು ತಲೆ ಎತ್ತಿದರೂ ಇವಳು ಕಾಣುತ್ತಿರಲಿಲ್ಲ, ಹೊರಗಿನಿಂದ ಆ ಗಾಜು ಬರೀ ಕನ್ನಡಿ.

ಥಿಯೇಟರಿನ ಬಾಗಿಲ ಪಕ್ಕದಲ್ಲಿ ಚಪ್ಪಲಿ ಬಿಡುವ ಹಲಗೆ. ಒಳಗೆ ಹೋಗುವವರು ಹೊರಗಿನ ಚಪ್ಪಲಿಯನ್ನು ಅಲ್ಲಿ ಬಿಟ್ಟು ಒಳಗಿನದನ್ನು ಮೆಟ್ಟುತ್ತಾರೆ. ಅಭ್ಯಾಸಬಲ, ಎಣಿಕೆಯಕ್ಕ ಎಣಿಸಿದಳು. ಗಂಡಸಿನ ಕರಿ ಶೂ ಒಂದು ಜೊತೆ, ಹೆಂಗಸಿನ ಬಿಳಿ ಚಪ್ಪಲಿ ಒಂದು ಜೊತೆ. ಎರಡು.

ಅವಳ ಬಟ್ಟೆ, ಚಪ್ಪಲಿ, ಮೊಬೈಲು ಎಲ್ಲಾ ಮೂಲೆಯ ಉಕ್ಕಿನ ಕಪಾಟಿನಲ್ಲಿದ್ದವು. ಕಪಾಟಿನ ಬೀಗದ ಕೈ ಮ್ಯಾನೇಜರಮ್ಮನ ಕೊರಳಿನಲ್ಲಿ. ಆರೋಗ್ಯ ಇಲಾಖೆಯ ಒಬ್ಬ ಪರಿಚಯದ ಅಧಿಕಾರಿ, ನೀವು ಫೋನು ಮಾಡಿದ ಅರ್ಧ ಗಂಟೆಯಲ್ಲಿ ಬಂದು ನಿಲ್ಲುತ್ತೇನೆ ಎಂದಿದ್ದರು. ಫೋನು ಎಲ್ಲಿದೆ ಎಂದು ಅವರು ಕೇಳಿರಲಿಲ್ಲ. ಎಣಿಕೆಯಕ್ಕನ ಮೈಮೇಲಿದ್ದದ್ದು ಆಸ್ಪತ್ರೆಯ ತೆಳು ಅಂಗಿ, ಬೆನ್ನ ಹಿಂದೆ ಮೂರು ಗಂಟಿನದು, ನಡುವಿನ ಗಂಟು ಕಿತ್ತುಹೋದದ್ದು. ಅದನ್ನು ತೊಟ್ಟು ಓಡುವ ಮಾತಿರಲಿ, ಮರ್ಯಾದೆಯಾಗಿ ತಿರುಗಿ ನಿಲ್ಲುವುದೇ ಕಷ್ಟ. ಎಡಗೈ ಮಣಿಕಟ್ಟಿನಲ್ಲಿ ಡ್ರಿಪ್ಪಿನ ಸೂಜಿ ಚುಚ್ಚಿ ಪಟ್ಟಿ ಅಂಟಿಸಿದ್ದರು.

ಮ್ಯಾನೇಜರಮ್ಮ ಬಂದಾಗ ಒಮ್ಮೆ ಕೇಳಿ ನೋಡಿದಳು. ಗಂಡನಿಗೆ ಎರಡು ಮಾತು ಹೇಳಬೇಕು, ಫೋನು ಕೊಡುತ್ತೀರಾ ಎಂದು. ಮ್ಯಾನೇಜರಮ್ಮ ದೊಡ್ಡ ಡಾಕ್ಟರ ಮಗಳು, ಆ ಅಳಿಯನ ಹೆಂಡತಿ. ಆಸ್ಪತ್ರೆಯ ಸುಕ್ಕು ಬಿಡಿಸುವ ಸೂಜಿಗಳನ್ನೆಲ್ಲ ಮೊದಲು ತನ್ನ ಮುಖಕ್ಕೇ ಚುಚ್ಚಿಸಿಕೊಂಡವಳು. ಆ ಮುಖದಲ್ಲಿ ನಗು ಬಂದರೆ ಹೋಗುತ್ತಿರಲಿಲ್ಲ, ಸಿಟ್ಟು ಹೊರಟರೆ ಬರುತ್ತಿರಲಿಲ್ಲ. ಆಪರೇಷನ್ ದಿನ ಫೋನು ಕೊಟ್ಟರೆ ಬಿ.ಪಿ. ಏರುತ್ತದೆ, ಎಲ್ಲಾ ಮುಗಿದ ಮೇಲೆ ಆರಾಮವಾಗಿ ಮಾತಾಡಿ ಚಿನ್ನಾ ಎಂದು ಅವಳು ಎಣಿಕೆಯಕ್ಕನ ಕೆನ್ನೆ ತಟ್ಟಿ ಹೋದಳು. ತನಗಿಂತ ಹದಿನೈದು ವರ್ಷ ಚಿಕ್ಕವಳಿಂದ ಚಿನ್ನಾ ಅನ್ನಿಸಿಕೊಂಡದ್ದು ಬೇರೆ ದಿನವಾಗಿದ್ದರೆ ಮೈ ಉರಿಸುತ್ತಿತ್ತು. ಇವತ್ತು ಉರಿಯಲು ಪುರುಸೊತ್ತಿರಲಿಲ್ಲ.

ಇಷ್ಟಕ್ಕೂ ಹೊರಗೆ ಹೋಗಲು ಅವಳು ಒಂದು ಬಾಗಿಲನ್ನು ಜೊತೆಗೇ ತಂದಿದ್ದಳು. ತಲೆಗೆ ಕಟ್ಟಿಕೊಂಡಿದ್ದ ಬಟ್ಟೆಯ ಟೋಪಿಯೊಳಗೆ, ಕೂದಲ ಗಂಟಿನ ಪಕ್ಕದಲ್ಲಿ, ಕಾಗದದಲ್ಲಿ ಸುತ್ತಿದ ನಾಲ್ಕು ಬಿಸ್ಕತ್ತು.

ನಗಬೇಡಿ. ಹೊಟ್ಟೆಯಲ್ಲಿ ತುತ್ತು ಅನ್ನವಿದ್ದರೂ ಯಾವ ಅರಿವಳಿಕೆ ಡಾಕ್ಟರೂ ರೋಗಿಗೆ ನಿದ್ದೆಯ ಔಷಧಿ ಕೊಡುವುದಿಲ್ಲ. ಮೈಮರೆತು ಮಲಗಿದವರಿಗೆ ತಿಂದದ್ದು ಗಂಟಲಿಗೆ ಬಂದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೇ, ಎಷ್ಟು ಹೊತ್ತಿಗೆ ತಿಂದ್ರಿ ಎಂದು ವಾರ್ಡಿನಲ್ಲಿ ಒಮ್ಮೆ, ಥಿಯೇಟರಿನ ಬಾಗಿಲಲ್ಲಿ ಒಮ್ಮೆ, ಮೇಜಿನ ಮೇಲೆ ಮಲಗಿಸಿದ ಮೇಲೆ ಇನ್ನೊಮ್ಮೆ ಕೇಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಆ ಮೂರು ಪ್ರಶ್ನೆ ತಪ್ಪಿದ್ದನ್ನು ಎಣಿಕೆಯಕ್ಕ ಕಂಡಿರಲಿಲ್ಲ. ತನ್ನ ಸರದಿ ಬಂದಾಗ ಬಿಸ್ಕತ್ತು ತಿಂದು, ಅಯ್ಯೋ ತಡೆಯಲಾಗದೆ ತಿಂದುಬಿಟ್ಟೆ ಎಂದು ಪೆಚ್ಚು ಮೋರೆ ಹಾಕಿದರೆ, ಬೈದು ಮನೆಗೆ ಕಳಿಸುತ್ತಾರೆ. ಅವಳ ಉಪಾಯ ಅಷ್ಟೇ.

ಅವಳ ಸರದಿ ಒಂದು ಗಂಟೆಗೆ. ಕಂಡಕ್ಟರಮ್ಮನದು ಹನ್ನೊಂದಕ್ಕೆ. ಉಪಾಯ ಹೂಡುವಾಗ ಪಕ್ಕದ ಮಂಚದಲ್ಲಿ ಇನ್ನೊಬ್ಬಳು ಇರುತ್ತಾಳೆ ಎಂಬುದನ್ನು ಅವಳು ಎಣಿಸಿರಲಿಲ್ಲ.

ಕಂಡಕ್ಟರಮ್ಮ ಪರದೆ ಸರಿಸಿ ಮಾತಿಗೆ ಕೂತಿದ್ದಳು. ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ಗಂಟಲು, ಪಿಸುಮಾತಾಡಿದರೂ ಹಜಾರಕ್ಕೆ ಕೇಳುವಂಥದ್ದು. ಎರಡು ಹೆರಿಗೆ, ಎರಡೂ ಕೊಯ್ದು ತೆಗೆದದ್ದು, ಆಮೇಲೆ ಈ ಹೊಟ್ಟೆ ಇಳಿಯಲೇ ಇಲ್ಲವಂತೆ.

"ಐದು ವರ್ಷದಿಂದ ನಾನು ಬಸುರಿ ಅಕ್ಕಾ," ಎಂದಳು. "ಟಿಕೆಟ್ ಕೊಡೋಕೆ ಹೋದ್ರೆ ಮುದುಕ್ರು ಎದ್ದು ನಂಗೆ ಸೀಟು ಬಿಡ್ತಾರೆ. ಕೂತ್ಕೊಳಮ್ಮಾ, ಈ ಸ್ಥಿತೀಲಿ ಯಾಕೆ ಡ್ಯೂಟಿ ಅಂತಾರೆ. ಒಂದೊಂದ್ಸಲ ಕೂತ್ಕೊಂಡೂ ಬಿಡ್ತೀನಿ."

ಹೇಳಿ ಅವಳೇ ನಕ್ಕಳು. ಎಣಿಕೆಯಕ್ಕನಿಗೂ ನಗು ಬಂತು, ಬಂದ ಮರುಕ್ಷಣ ಸಂಕಟವಾಯಿತು. ಆ ಟೀಚರಿನ ತಂಗಿಯೂ ಹೀಗೇ ಇದೇ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು ಯಾರೊಂದಿಗೋ ನಕ್ಕಿರಬಹುದು.

ಅವಳು ಹತ್ತಿರ ಬಾಗಿ, ಇವತ್ತು ಬೇಡ ಕಣಮ್ಮಾ, ಇಲ್ಲಿಯ ಕೆಲಸ ನನಗೆ ಸರಿ ಕಾಣುತ್ತಿಲ್ಲ, ಇನ್ನೊಂದು ಕಡೆ ತೋರಿಸೋಣ ಎಂದು ಹೇಳಿ ನೋಡಿದಳು. ಪೂರ್ತಿ ಹೇಳಿದರೆ ಆ ಗಂಟಲು ಅದನ್ನು ಹಜಾರಕ್ಕೆ ಮುಟ್ಟಿಸುತ್ತದೆಂದು ಅಷ್ಟಕ್ಕೇ ನಿಲ್ಲಿಸಿದಳು. ಕಂಡಕ್ಟರಮ್ಮ ಕೇಳಿಸಿಕೊಂಡಳು, ಆದರೆ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಮೂರು ವರ್ಷ ಅರ್ಜಿ ಹಾಕಿ ಹಾಕಿ ಹನ್ನೆರಡು ದಿನ ರಜ ಸಿಕ್ಕಿದೆ, ಇವತ್ತು ಬಿಟ್ಟರೆ ಇನ್ನು ಮುದುಕಿಯಾದ ಮೇಲೇ ಎಂದಳು. ಮೇಲಾಗಿ ದೊಡ್ಡ ಡಾಕ್ಟರೇ ಮಾಡುತ್ತಾರಲ್ಲ, ಅವರ ಕೈ ಚಿನ್ನದ ಕೈಯಂತೆ ಎಂದಳು. ಹೆದರಿಕೆ ನಿಮಗೆ, ನನಗಲ್ಲ ಎಂದು ತಿರುಗಿ ಸಮಾಧಾನವನ್ನೂ ಹೇಳಿದಳು.

ಆ ಚಿನ್ನದ ಕೈಯನ್ನು ಎಣಿಕೆಯಕ್ಕ ಹದಿನೈದು ವರ್ಷದ ಹಿಂದೆ ನೋಡಿದ್ದಳು. ಸುಟ್ಟಗಾಯದ ವಾರ್ಡಿನ ಥಿಯೇಟರಿನಲ್ಲಿ ಎರಡು ವರ್ಷ ಆ ಕೈಗೆ ಕತ್ತರಿ, ಚಿಮುಟ ಕೊಟ್ಟವಳು ಅವಳೇ. ಬೆಂದುಹೋದ ಮುಖಗಳಿಗೆ ಅವರು ಮತ್ತೆ ರೆಪ್ಪೆ, ತುಟಿ ಕೂಡಿಸಿದ್ದನ್ನು ಕಂಡು ಕೈಮುಗಿಯಬೇಕು ಅನ್ನಿಸಿತ್ತು. ಆದರೆ ಹೋದ ವಾರ ಕತ್ತು ತೋರಿಸಲು ಹೋದಾಗ ಅವರು ಎರಡೂ ಕೈಗಳನ್ನು ಕೋಟಿನ ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. ಚರ್ಮ ಎಳೆದು ನೋಡಿದ್ದು ಮಗಳು. ಅವರಿಗೆ ಇವಳ ಗುರುತೂ ಹತ್ತಲಿಲ್ಲ. ಎರಡು ವರ್ಷ ಎದುರು ನಿಂತ ನರ್ಸಿನಲ್ಲಿ ಡಾಕ್ಟರುಗಳು ನೋಡುವುದು ಚಾಚಿದ ಕೈಯನ್ನು ಮಾತ್ರ ಎಂದು ನಂಬಿಯೇ ಅವಳು ಧೈರ್ಯ ಮಾಡಿದ್ದಳು.

ಹತ್ತು ಇಪ್ಪತ್ತೈದು. ಕಂಡಕ್ಟರಮ್ಮ ಹೊಟ್ಟೆ ಹಿಡಿದುಕೊಂಡು, ನಿನ್ನೆ ರಾತ್ರಿಯಿಂದ ಹನಿ ನೀರೂ ಇಲ್ಲ ಅಕ್ಕಾ, ಒಳಗೆ ಇಲಿ ಓಡಾಡ್ತಿವೆ ಎಂದಳು.

ಎಣಿಕೆಯಕ್ಕನ ಕೈ ಟೋಪಿಯ ಕಡೆ ಹೋಯಿತು. ತನ್ನ ಬಾಗಿಲನ್ನು ಇವಳಿಗೆ ಕೊಟ್ಟರೆ ತನಗೆ ಬಾಗಿಲಿಲ್ಲ. ಕೊಡದಿದ್ದರೆ ಹನ್ನೊಂದು ಗಂಟೆಗೆ ಈ ನಗುವ ಹೆಂಗಸು ಆ ಗೆರೆ ಎಳೆದವನ ಕೈಗೆ ಹೋಗುತ್ತಾಳೆ. ಲೆಕ್ಕ ಹಾಕಲು ಅದರಲ್ಲೇನೂ ಇರಲಿಲ್ಲ.

ಟೋಪಿಯೊಳಗಿಂದ ಪೊಟ್ಟಣ ತೆಗೆದಳು.

"ತಿನ್ನಿ."

"ಏನೂ ತಿನ್ಬಾರ್ದು ಅಂದಿದ್ದಾರಲ್ಲ?"

"ನಾನೂ ನರ್ಸಾಗಿದ್ದವಳು. ನಾಲ್ಕು ಬಿಸ್ಕತ್ತಿಗೆ ಏನಾಗುತ್ತೆ? ಆದ್ರೆ ಯಾರಾದ್ರೂ ಕೇಳಿದ್ರೆ ಸುಳ್ಳು ಮಾತ್ರ ಹೇಳ್ಬೇಡಿ. ತಿಂದೆ ಅಂತ್ಲೇ ಹೇಳಿ."

ನರ್ಸಾಗಿದ್ದ ಇಪ್ಪತ್ತೆರಡು ವರ್ಷದಲ್ಲೂ ರೋಗಿಯೊಬ್ಬಳಿಗೆ ಅವಳು ಸುಳ್ಳು ಹೇಳಿರಲಿಲ್ಲ, ಇದೇ ಮೊದಲು. ಒಳ್ಳೆಯದಕ್ಕೇ ಹೇಳಿದ್ದು ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಕಂಡಕ್ಟರಮ್ಮ ಒಂದೊಂದನ್ನೇ ಎರಡೆರಡು ತುಂಡು ಮಾಡಿ, ಕಣ್ಣು ಮುಚ್ಚಿಕೊಂಡು ತಿಂದಳು. ಕೈತೊಳೆಯುವ ನಲ್ಲಿಯಿಂದ ಬೊಗಸೆ ತುಂಬ ನೀರು ಕುಡಿದು, ನಿಮ್ಮ ಹೊಟ್ಟೆ ತಣ್ಣಗಿರಲಿ ಅಕ್ಕಾ ಎಂದು ಹರಸಿದಳು.

ಹತ್ತು ಐವತ್ತಕ್ಕೆ ದೊಡ್ಡ ಡಾಕ್ಟರು ಬಂದರು, ಹಿಂದೆ ಫೈಲು ಹಿಡಿದ ಮಗಳು. ಬೆಳ್ಳಿ ಕೂದಲು, ಇಸ್ತ್ರಿ ಮಾಡಿದ ಬಿಳಿ ಕೋಟು, ಕೈಗಳು ಜೇಬಿನಲ್ಲೇ. ಕಂಡಕ್ಟರಮ್ಮನ ಮಂಚದ ಬಳಿ ನಿಂತು, ತಂದೆ ಮಗಳಿಗೆ ಹೇಳುವ ಹಾಗೆ, "ಹೆದರ್ಕೋಬೇಡಮ್ಮಾ, ನಾನಿದ್ದೀನಿ," ಎಂದರು.

ಆ ಆಸ್ಪತ್ರೆಯಲ್ಲಿ ಅವರಿಗಿದ್ದ ಕೆಲಸ ಅಷ್ಟೇ. ಅವರು ಬೋರ್ಡು, ಮಗಳು ಬಾಗಿಲು, ಅಳಿಯ ಚಾಕು.

ಥಿಯೇಟರಿನ ಬಾಗಿಲು ತೆರೆಯಿತು. ಅಳಿಯನೂ ಬಿಳಿ ಚಪ್ಪಲಿ ಬಿಟ್ಟಿದ್ದ ಸಹಾಯಕಿಯೂ ಸ್ಟ್ರೆಚರ್ ತಂದು ಕಂಡಕ್ಟರಮ್ಮನನ್ನು ಅದರ ಮೇಲೆ ಸರಿಸಿಕೊಂಡರು. ಹೋಗುವಾಗ ಅವಳು ಎಣಿಕೆಯಕ್ಕನಿಗೆ ಕೈಬೀಸಿ, ಮುಂದಿನ ಸ್ಟಾಪ್ ನಿಮ್ದೇ, ರೆಡಿ ಇರಿ ಎಂದಳು. ಬಾಗಿಲು ಮುಚ್ಚಿತು. ದೀಪ ಕೆಂಪಾಯಿತು.

ವಾರ್ಡಿನ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಚಿಕ್ಕ ಆಸ್ಪತ್ರೆ, ಬಾಗಿಲಲ್ಲಿ ಕೇಳುತ್ತಾರೆ, ಮೇಜಿನ ಮೇಲಂತೂ ಕೇಳಲೇಬೇಕು ಎಂದು ಎಣಿಕೆಯಕ್ಕ ನಿಶ್ಚಿಂತಳಾಗಿದ್ದಳು. ಇನ್ನು ಐದು ನಿಮಿಷಕ್ಕೆ ಕಂಡಕ್ಟರಮ್ಮ ಬೈಸಿಕೊಂಡು ವಾಪಸು ಬರುತ್ತಾಳೆ, ಮುಖ ಊದಿಸಿಕೊಂಡಿರುತ್ತಾಳೆ, ಬದುಕಿರುತ್ತಾಳೆ.

ದೊಡ್ಡ ಡಾಕ್ಟರು ಇವಳ ಮಂಚಕ್ಕೆ ತಿರುಗಿದರು. ಜೇಬಿನಿಂದ ಬಲಗೈ ಸ್ವಲ್ಪ ಹೊರಗೆ ಬಂದದ್ದೇ ತಡ, ಜೊತೆಗೆ ಒಂದು ಪೆನ್ನೂ ಬಂದು ನೆಲಕ್ಕೆ ಬಿದ್ದು ಉರುಳಿತು.

ಎಣಿಕೆಯಕ್ಕ ಬಗ್ಗಿ ಎತ್ತಿಕೊಂಡಳು. ಎತ್ತಿ, ಚಾಚಿದ್ದ ಆ ಅಂಗೈಯಲ್ಲಿ ಹಿಡಿಯುವ ಕಡೆಯನ್ನು ಒತ್ತಿ, ಟಪ್ ಎಂದು ಇಟ್ಟಳು. ಡಾಕ್ಟರು ಗಾಯದಿಂದ ಕಣ್ಣು ಕೀಳದೆ ಹಿಡಿದುಕೊಳ್ಳಲಿ ಎಂದು ಥಿಯೇಟರಿನಲ್ಲಿ ಇಡುವ ಹಾಗೆ. ಅವರ ಬೆರಳುಗಳು ನೋಡದೆಯೇ ಅದರ ಮೇಲೆ ಮುಚ್ಚಿಕೊಂಡವು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕಲಿತ ಗುಣವೂ ಹಾಗೇ.

ಒಂದು ಗಳಿಗೆ ಆ ಕೈ ಅಲುಗಾಡದೆ ನಿಂತಿತು. ಆಮೇಲೆ ನಡುಗಲು ಶುರುವಾಯಿತು. ಬೆರಳುಗಳು ಏನನ್ನೋ ಉರುಟಿ ಉಂಡೆ ಕಟ್ಟುತ್ತಿರುವ ಹಾಗೆ ಒಂದರ ಮೇಲೊಂದು ಉಜ್ಜುತ್ತಿದ್ದವು.

ಅವರು ಮಗಳಿಗೆ, ನೀನು ಹೊರಗಿರು, ಇವರ ಕತ್ತು ಸರಿಯಾಗಿ ನೋಡಬೇಕು ಎಂದರು. ಮಗಳು ಅಪ್ಪನನ್ನೂ ಇವಳನ್ನೂ ಒಮ್ಮೆ ನೋಡಿದಳು. ಆ ಮುಖದಲ್ಲಿ ಅನುಮಾನ ಬಂದಿದ್ದರೂ ಕಾಣುವಂತಿರಲಿಲ್ಲ. ಅವಳು ಹೋದಳು, ಹಜಾರದ ಬಾಗಿಲೂ ಮುಚ್ಚಿತು.

"ಯಾವ ಥಿಯೇಟರು, ಸಿಸ್ಟರ್?"

"ನಿಮ್ದೇ, ಸರ್. ಸುಟ್ಟಗಾಯದ ವಾರ್ಡು."

ಅವರು ಬಹಳ ಹೊತ್ತು ಅವಳ ಕಣ್ಣನ್ನೇ ನೋಡಿದರು. ಮಾಸ್ಕಿನ ಮೇಲೆ ಅವರು ಕಂಡಿದ್ದದ್ದು ಅಷ್ಟೇ ತಾನೇ. "ಎಣಿಸ್ತಿದ್ದವರು," ಎಂದರು ಕೊನೆಗೆ. "ಒಂದು ತುಂಡು ಕಮ್ಮಿ ಬಂತು ಅಂತ ನನ್ನನ್ನ ಮುಕ್ಕಾಲು ಗಂಟೆ ಹೊಲಿಗೆ ಹಾಕೋಕೆ ಬಿಡದೆ ನಿಲ್ಸಿದ್ರಿ."

"ಸಿಕ್ತಲ್ಲ, ಸರ್."

"ಸಿಕ್ತು," ಎಂದು ಅವರು ಕಂಡಕ್ಟರಮ್ಮ ಬಿಟ್ಟುಹೋದ ಮಂಚದ ಅಂಚಿಗೆ ಕೂತರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಎಣಿಕೆಯಕ್ಕ ಟೀಚರಿನ ವಿಷಯ, ಫೋಟೋದ ವಿಷಯ, ಇವತ್ತು ಪರದೆಯ ಸಂದಿಯಲ್ಲಿ ಕಂಡ ಪೆನ್ನಿನ ವಿಷಯ ಎಲ್ಲಾ ಹೇಳಿದಳು. ಅವರು ಒಂದನ್ನೂ ಅಲ್ಲಗಳೆಯಲಿಲ್ಲ. ಕೈ ನಡುಗಲು ಶುರುವಾಗಿ ಮೂರು ವರ್ಷವಾಯಿತು, ಮೊದಮೊದಲು ಅಳಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದ, ಆಮೇಲೆ ಹೊಲಿಗೆ ಹಾಕುತ್ತಿದ್ದ, ಆಮೇಲೆ ತಾನೇ ಮಾಡತೊಡಗಿದ ಎಂದರು. ಬೇಡ ಅಂದಿದ್ದರೆ ಬೋರ್ಡು ಇಳಿಸಬೇಕಾಗಿತ್ತು. ಅದು ಅವರಿಂದ ಆಗಲಿಲ್ಲ. ಸುಟ್ಟ ಮುಖಗಳನ್ನು ಸರಿಮಾಡಿದ ಮನುಷ್ಯ ತನ್ನ ಮುಖ ಉಳಿಸಿಕೊಳ್ಳಲು ಇಷ್ಟು ಕೆಳಗಿಳಿದದ್ದು ಕೇಳಿ ಎಣಿಕೆಯಕ್ಕನಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು. ಆದರೂ ಸಿಟ್ಟನ್ನು ಬಿಡಲಿಲ್ಲ.

"ಆ ಹುಡುಗಿ ಸಾಯೋವಾಗ ನೀವೆಲ್ಲಿದ್ರಿ?"

"ನನ್ನ ರೂಮಲ್ಲಿ. ನಾನಿದ್ದೀನಿ ಅಂತ ಅವಳಿಗೂ ಹೇಳಿ ಹೋಗಿ ಕೂತಿದ್ದೆ."

ಗಡಿಯಾರ ಹನ್ನೊಂದು ದಾಟಿತ್ತು. ಕಂಡಕ್ಟರಮ್ಮ ಇನ್ನೂ ವಾಪಸು ಬಂದಿರಲಿಲ್ಲ. ಎಣಿಕೆಯಕ್ಕ ಎದ್ದು ಅವರ ಎದುರು ನಿಂತು, ಈಗಲೂ ಕಾಲ ಮಿಂಚಿಲ್ಲ, ಫೋನು ಕೊಡಿಸಿ ಸಾಕು, ಒಳಗಿರುವವಳ ಚಿಂತೆ ನನಗಿಲ್ಲ ಎಂದಳು. ಅವಳಿಗೆ ಇವತ್ತು ಆಪರೇಷನ್ ಆಗುವುದಿಲ್ಲ, ನಾಲ್ಕು ಬಿಸ್ಕತ್ತು ತಿನ್ನಿಸಿ ಕಳಿಸಿದ್ದೇನೆ, ಅರಿವಳಿಕೆ ಡಾಕ್ಟರು ಕೇಳಿದ ತಕ್ಷಣ ಹೇಳುತ್ತಾಳೆ ಎಂದಳು. ಹೇಳುವಾಗ ಅವಳ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು.

ದೊಡ್ಡ ಡಾಕ್ಟರ ಕೈಯಿಂದ ಪೆನ್ನು ಮತ್ತೆ ಕೆಳಗೆ ಬಿತ್ತು. ಈ ಸಲ ಯಾರೂ ಎತ್ತಲಿಲ್ಲ.

"ಯಾವ ಅರಿವಳಿಕೆ ಡಾಕ್ಟರು, ಸಿಸ್ಟರ್?"

ಅವಳು ಥಿಯೇಟರಿನ ಬಾಗಿಲಿನ ಕಡೆ ತಿರುಗಿದಳು.

"ಅವರು ಬರೋದು ಬಿಟ್ಟು ನಾಲ್ಕು ತಿಂಗಳಾಯ್ತು. ಲೈಸೆನ್ಸು ಇಲ್ದೋನ ಜೊತೆ ನಿಲ್ಲಲ್ಲ ಅಂದ್ರು. ನಿದ್ದೆ ಔಷಧೀನೂ ಇವನೇ ಕೊಡ್ತಾನೆ. ಆ ಹುಡುಗಿಗೂ ಇವನೇ ಕೊಟ್ಟಿದ್ದು. ಕೊಟ್ಟು, ಹೊಟ್ಟೆ ಕಡೆ ನೋಡ್ತಾ ಇದ್ದ. ಉಸಿರಿನ ಕಡೆ ನೋಡೋರು ಯಾರೂ ಇರ್ಲಿಲ್ಲ."

ಯಾಕೆ ಸತ್ತಳು ಎಂದು ಟೀಚರು ಕೇಳಿದ್ದಳಲ್ಲ, ಉತ್ತರ ಅದೇ. ಎಣಿಕೆಯಕ್ಕ ಚಪ್ಪಲಿಯ ಹಲಗೆಯ ಕಡೆ ನೋಡಿದಳು. ಕರಿ ಶೂ ಒಂದು ಜೊತೆ, ಬಿಳಿ ಚಪ್ಪಲಿ ಒಂದು ಜೊತೆ. ಥಿಯೇಟರೊಂದು ನಡೆಯಬೇಕಾದರೆ ಐದು ಜೊತೆಗೆ ಕಮ್ಮಿ ಇದ್ದದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಬೆಳಿಗ್ಗೆಯಿಂದ ಅದು ಕಣ್ಣೆದುರೇ ಇತ್ತು. ಎಣಿಸಿದ್ದಳು, ಅರ್ಥ ಮಾಡಿಕೊಂಡಿರಲಿಲ್ಲ.

ಪ್ರಶ್ನೆ ಕೇಳುವವರೇ ಒಳಗಿಲ್ಲ. ಕೇಳದಿದ್ದರೆ ಕಂಡಕ್ಟರಮ್ಮ ಹೇಳುವುದಿಲ್ಲ. ನಾಲ್ಕು ಬಿಸ್ಕತ್ತಿಗೆ ಏನೂ ಆಗುವುದಿಲ್ಲ ಎಂದು ನಂಬಿಸಿದವಳು ತಾನೇ. ಸಾಯದೆ ಉಳಿಯಬಹುದಾಗಿದ್ದ ಹೆಂಗಸನ್ನು ಉಪವಾಸ ಮುರಿಸಿ, ನೀರು ಕುಡಿಸಿ, ಒಳಗೆ ಕಳಿಸಿದ್ದಳು.

ಅವಳು ಥಿಯೇಟರಿನ ಬಾಗಿಲಿಗೆ ಓಡಿ ಎರಡೂ ಕೈಯಿಂದ ಬಡಿದಳು. ಬಾಗಿಲು ದಪ್ಪ ರಬ್ಬರಿನ ಅಂಚಿನದು, ಶಬ್ದವನ್ನೆಲ್ಲ ನುಂಗಿಕೊಂಡಿತು. ಹಿಂದೆ ಅಂಗಿಯ ಇನ್ನೊಂದು ಗಂಟೂ ಕಿತ್ತುಹೋಯಿತು, ಅದರ ಕಡೆ ಅವಳಿಗೆ ಲಕ್ಷ್ಯವಿರಲಿಲ್ಲ.

"ಸರ್, ಕಾರ್ಡು."

ದೊಡ್ಡ ಡಾಕ್ಟರು ಎದ್ದು ಬಂದರು. ಕೊರಳಿನ ಪಟ್ಟಿಯಿಂದ ಕಾರ್ಡನ್ನು ಬಿಚ್ಚಲು ಅವರ ಬೆರಳಿಗೆ ಆಗಲಿಲ್ಲ, ಅವಳೇ ಎಳೆದು ಬಿಚ್ಚಿದಳು. ಅವರ ಫೋಟೋ, ಅವರ ಹೆಸರು, ಕೆಳಗೆ ಸಂಸ್ಥಾಪಕರು ಎಂಬ ಅಕ್ಷರ. ಗೋಡೆಯ ಪೆಟ್ಟಿಗೆಗೆ ಹಿಡಿದಳು.

ಕೆಂಪು ದೀಪ ಕೆಂಪಾಗಿಯೇ ಉಳಿಯಿತು. ಒರೆಸಿ ಮತ್ತೆ ಹಿಡಿದಳು. ಕೆಂಪು.

"ಇದು ಯಾವ ಬಾಗಿಲಿಗೂ ಕೆಲಸ ಮಾಡಲ್ಲ," ಎಂದರು ದೊಡ್ಡ ಡಾಕ್ಟರು ತಲೆ ತಗ್ಗಿಸಿ. "ಆ ಸಾವಿನ ಮಾರನೇ ದಿನ ನಾನು ಒಳಗೆ ಹೋಗಿ ನಿಲ್ಸೋಕೆ ನೋಡಿದೆ. ಅವತ್ತಿಂದ ಕಾರ್ಡನ್ನ ಬಂದ್ ಮಾಡಿಸ್ಬಿಟ್ಟಿದ್ದಾರೆ. ಮಗಳೇ ಮಾಡಿಸಿದ್ದು."

ಹಜಾರದ ಬಾಗಿಲಿಗೆ ಹೋಗಿ ಮಗಳನ್ನು ಕರೆದರು, ಒಮ್ಮೆ ಹೆಸರು ಹಿಡಿದು, ಒಮ್ಮೆ ಅಮ್ಮಾ ಎಂದು. ಬಾಗಿಲಿನ ಗಾಜಿನ ಆಚೆ ಅವಳು ನಿಂತಿದ್ದಳು. ಅಪ್ಪನನ್ನು ನೋಡಿದಳು, ಫೈಲನ್ನು ಎದೆಗೆ ಒತ್ತಿಕೊಂಡಳು, ಬಾಗಿಲು ತೆಗೆಯಲಿಲ್ಲ. ಅದೇ ನಗು ಅದೇ ಜಾಗದಲ್ಲಿತ್ತು.

ಅಷ್ಟರಲ್ಲಿ ಥಿಯೇಟರಿನ ಒಳಗಿನಿಂದ ದನಿ ಬಂತು. ಎಂಥ ದಪ್ಪ ಬಾಗಿಲೂ ತಡೆಯಲಾರದ ದನಿ, ಬಸ್ಸಿನ ಕೊನೆಯ ಸೀಟಿಗೆ ಮುಟ್ಟುವ ದನಿ. ಎಣಿಸುತ್ತಾ ಹೋಗಿ ಎಂದು ಅಳಿಯ ಹೇಳಿರಬೇಕು.

"ಒಂದು. ಎರಡು. ಮೂರು."

ಎಣಿಕೆಯಕ್ಕ ಬಾಗಿಲಿಗೆ ಬಾಯಿಟ್ಟು, ತಿಂದಿದ್ದೀನಿ ಅಂತ ಹೇಳು, ತಿಂದಿದ್ದೀನಿ ಅಂತ ಹೇಳೇ ಎಂದು ಕೂಗಿದಳು. ತನ್ನ ದನಿ ತನ್ನ ಕಡೆಗೇ ಉಳಿಯಿತು.

"ನಾಲ್ಕು. ಐದು. ಆರು. ಏ..."

ಏಳು ಪೂರ್ತಿಯಾಗಲಿಲ್ಲ. ಎಂಟು ಬರಲೇ ಇಲ್ಲ. ಅವಳ ತುಟಿ ತಾನಾಗಿ ಮುಂದಕ್ಕೆ ಎಣಿಸಿತು. ಎಂಟು, ಒಂಬತ್ತು, ಹತ್ತು. ಹದಿನಾಲ್ಕಕ್ಕೆ ಒಳಗಿನಿಂದ ಕೆಮ್ಮು ಕೇಳಿಸಿತು. ನೀರಿನೊಳಗಿಂದ ಕೆಮ್ಮಿದಂಥ ಒದ್ದೆ ಕೆಮ್ಮು. ಅದರ ಹಿಂದೆಯೇ ಉಕ್ಕಿನ ತಟ್ಟೆಯೊಂದು ಬಿದ್ದ ಸದ್ದು.

"ತಲೆ ಪಕ್ಕಕ್ಕೆ ತಿರುಗಿಸಿ ತಿಂದದ್ದನ್ನ ಬಾಯೊಳಗಿಂದ ಹೀರಿ ತೆಗೆದ್ರೆ ಇನ್ನೂ ಉಳೀತಾಳೆ," ಎಂದಳು ಎಣಿಕೆಯಕ್ಕ, ಬಾಗಿಲನ್ನೇ ಹಿಡಿದುಕೊಂಡು. "ಅಷ್ಟಾದ್ರೂ ಅವನಿಗೆ ಗೊತ್ತಿರುತ್ತೆ ಅಲ್ವಾ, ಸರ್? ಹೀರೋ ಮಷೀನು ತಲೆ ಹತ್ರಾನೇ ಇರುತ್ತಲ್ಲ?"

ದೊಡ್ಡ ಡಾಕ್ಟರು ಕೈಗಳನ್ನು ಮತ್ತೆ ಜೇಬಿಗಿಳಿಸಿದರು.

"ಒಳಗಿರೋದು ಒಂದೇ ಮಷೀನು, ಸಿಸ್ಟರ್. ಅದನ್ನ ಕೊಬ್ಬು ತೆಗೆಯೋ ಕೊಳವೆಗೆ ಜೋಡಿಸಿದ್ದಾರೆ."